ಕ್ಯಾಸೆಟ್ಟಿನ ಕೊನೆಯಲ್ಲಿ ಉಳಿದ ಜಾಗ

ಜಿಲಾನ್ ಬಾಷಾ ಚಳ್ಳಕೆರೆಯ ಪಾವಗಡ ರಸ್ತೆಯಲ್ಲಿ ಕ್ಯಾಸೆಟ್ ತುಂಬಿಸಿ ಕೊಡುವ ಅಂಗಡಿ ಇಟ್ಟ ಕಾಲಕ್ಕೆ ಅವನ ಹೆಂಡತಿ ಬಷೀರುನ್ನೀಸಾಗೆ ಇಪ್ಪತ್ತು ದಾಟಿರಲಿಲ್ಲ. ರಾಂಪುರದಲ್ಲಿ ಲಾರಿ ರಿಪೇರಿ ಮಾಡುತ್ತಿದ್ದವರ ಮಗಳು ಅವಳು. ತಂದೆಯ ಶೆಡ್ಡಿನಲ್ಲಿ ದಿನವಿಡೀ ಸುತ್ತಿಗೆಯ ಸದ್ದು, ಅದರ ಮೇಲೆ ಬಳ್ಳಾರಿ ಕಡೆಗೆ ಹೋಗುವ ಲಾರಿಗಳ ಹಾರನ್ನು. ಸಂಗೀತ ಅಂತ ಅವಳ ಕಿವಿಗೆ ಬಿದ್ದದ್ದು ಮದುವೆ ಮನೆಗಳಲ್ಲಿ ಹೆಂಗಸರು ಢೋಲಕ್ ಬಡಿದುಕೊಂಡು ಹೇಳುತ್ತಿದ್ದ ಹಾಡು, ಅಷ್ಟೇ. ಚಳ್ಳಕೆರೆಗೆ ಸೊಸೆಯಾಗಿ ಬಂದ ಮೇಲೆ ಹೊಲಿಗೆ ಕಲಿತಳು. ಮೊಳಕಾಲ್ಮೂರಿನ ರೇಷ್ಮೆ ಸೀರೆಗಳಿಗೆ ಫಾಲ್ ಹಚ್ಚುವುದು, ಸೆರಗಿಗೆ ಕುಚ್ಚು ಕಟ್ಟುವುದು ಅವಳ ಕೈಗೆ ಬಂತು.

ಕ್ಯಾಸೆಟ್ ತುಂಬಿಸುವ ಕೆಲಸ ಈಗಿನವರಿಗೆ ಹೇಳಿದರೆ ಅರ್ಥವಾಗುವುದು ಕಷ್ಟ. ಗಿರಾಕಿ ತನಗೆ ಬೇಕಾದ ಸಿನಿಮಾ ಹಾಡುಗಳನ್ನು ಚೀಟಿಯಲ್ಲಿ ಬರೆದುಕೊಟ್ಟು ಹೋಗುತ್ತಿದ್ದ. ಆ ಹಾಡುಗಳನ್ನು ಬೇರೆ ಬೇರೆ ಕ್ಯಾಸೆಟ್ಟುಗಳಿಂದ ಹುಡುಕಿ ತೆಗೆದು ಒಂದಾದ ಮೇಲೊಂದು ಅವನ ಖಾಲಿ ಕ್ಯಾಸೆಟ್ಟಿಗೆ ಇಳಿಸಬೇಕು. ಒಂದು ಗಂಟೆಯ ಹಾಡು ಇಳಿಯುವುದಕ್ಕೆ ಪೂರಾ ಒಂದು ಗಂಟೆ ಬೇಕು. ಅಷ್ಟು ಹೊತ್ತೂ ಯಾರಾದರೂ ಪಕ್ಕದಲ್ಲಿ ಕೂತು ಹಾಡು ಮುಗಿಯುತ್ತಲೇ ನಿಲ್ಲಿಸಬೇಕು, ಮಗ್ಗಲು ಮುಗಿದರೆ ತಿರುವಿ ಹಾಕಬೇಕು. ಮನೆಯ ಮುಂದಿನ ಕೋಣೆಯೇ ಅಂಗಡಿ. ಅಲ್ಲಿ ಜಿಲಾನ್ ಬಾಷಾ ಗಿರಾಕಿಗಳ ಜೊತೆ ಮಾತಾಡಬೇಕು, ಹಳೇ ರೇಡಿಯೋಗಳ ರಿಪೇರಿಯನ್ನೂ ಮಾಡಬೇಕು. ಹೀಗಾಗಿ ಎರಡು ಬಾಯಿಯ ದೊಡ್ಡ ಟೇಪ್ ರೆಕಾರ್ಡರು ಹಸಿರು ಪರದೆಯ ಹಿಂದೆ, ನಡುಮನೆಯಲ್ಲಿದ್ದ ಹೊಲಿಗೆ ಯಂತ್ರದ ಪಕ್ಕಕ್ಕೆ ಬಂತು.

"ನೀನು ಹೆಂಗೂ ಇಲ್ಲೇ ಕೂತಿರ್ತೀಯ, ಇದರ ಕಡೆ ಒಂದು ಕಣ್ಣಿಟ್ಟಿರು," ಎಂದ ಜಿಲಾನ್ ಬಾಷಾ. ಮನೆಯೊಳಗೆ ಅವರ ಮಾತುಕತೆ ಉರ್ದುವಿನಲ್ಲಿ. ಪರದೆ ದಾಟಿದರೆ ಕನ್ನಡ, ಮೊಳಕಾಲ್ಮೂರು ಕಡೆಯವರು ಬಂದರೆ ತೆಲುಗೂ ಸೇರುತ್ತಿತ್ತು.

ಅತ್ತೆಗೆ ಇದು ಹಿಡಿಸಲಿಲ್ಲ. ಮಗನ ಹೊಟ್ಟೆಪಾಡಿಗೆ ಅವಳು ಅಡ್ಡಿ ಹೇಳಿದವಳಲ್ಲ. ಆದರೆ ಸೊಸೆ ಮಧ್ಯಾಹ್ನವೆಲ್ಲ ಹಾಡು ಕೇಳುತ್ತ ಕೂರುವುದು ನಮಾಜು ತಪ್ಪಿಸದ ಆ ಮುದುಕಿಗೆ ಸರಿ ಕಾಣಲಿಲ್ಲ. "ಸದ್ದು ಸಣ್ಣಗಿಟ್ಟುಕೋ. ನನಗೆ ಕೇಳಿಸಬಾರದು," ಎಂದು ಮಾತ್ರ ಹೇಳಿದಳು. ಬಷೀರುನ್ನೀಸಾ ಸದ್ದು ತಗ್ಗಿಸಿದಳು. ಕೇಳಬೇಕಾದರೆ ಪೆಟ್ಟಿಗೆಯ ಹತ್ತಿರ ಬಾಗಬೇಕಾಗುತ್ತಿತ್ತು. ಸಿನಿಮಾ ಹಾಡಿಗೆ ಅವಳು ಬಾಗುತ್ತಿರಲಿಲ್ಲ; ಹೊಲಿಗೆ ಯಂತ್ರದ ಸದ್ದಿನಲ್ಲಿ ಅವು ಬಂದು ಹೋಗುತ್ತಿದ್ದವು.

ಬಾಗಿ ಕೇಳುವ ಹಾಗೆ ಮಾಡಿದ್ದು ವಿಶ್ವನಾಥ್ ತಂದ ಕ್ಯಾಸೆಟ್ಟುಗಳು. ವಿಶ್ವನಾಥ್ ಎಣ್ಣೆಗಿರಣಿ ಚಿಕ್ಕಬಸಪ್ಪನವರ ದೊಡ್ಡ ಮಗ. ಶೇಂಗಾ ಹಿಂಡಿಯ ವ್ಯಾಪಾರಕ್ಕೆ ಹುಬ್ಬಳ್ಳಿ, ಮೀರಜ್, ಸೊಲ್ಲಾಪುರಕ್ಕೆ ಹೋಗಿಬರುತ್ತಿದ್ದರು. ಆ ಊರುಗಳಲ್ಲಿ ಸಂಗೀತದ ಹುಚ್ಚಿನ ಗೆಳೆಯರನ್ನು ಸಂಪಾದಿಸಿಕೊಂಡು ಅವರಿಂದ ಕ್ಯಾಸೆಟ್ ಎರವಲು ತರುತ್ತಿದ್ದರು. ಯಾರದೋ ಮನೆಯ ಪಡಸಾಲೆಯಲ್ಲಿ ಹತ್ತಾರು ಜನರ ಮುಂದೆ ನುಡಿಸಿದ್ದು, ಗುಡಿಯೊಂದರಲ್ಲಿ ಬೆಳಗಿನ ಜಾವ ಹಾಡಿದ್ದು, ರೇಡಿಯೋದಿಂದ ಹಿಡಿದಿಟ್ಟಿದ್ದು. ಹೆಸರು ಮಾಡಿದವರ ಸಂಗೀತ ಪೇಟೆಯಲ್ಲೇ ಸಿಗುತ್ತದಲ್ಲ, ಹೆಸರಿಲ್ಲದವರದ್ದು ಎಲ್ಲಿ ಸಿಗುತ್ತದೆ ಎನ್ನುವುದು ಅವರ ಮಾತು. ನಕಲು ಮಾಡಿಸಿಕೊಂಡು ಮೂಲದ್ದನ್ನು ಮುಂದಿನ ಸಲ ಹೋದಾಗ ಹಿಂದಿರುಗಿಸುತ್ತಿದ್ದರು.

"ಜೋಪಾನ ಬಾಷಣ್ಣ. ಇದು ಹೋದ್ರೆ ಇನ್ನೊಂದು ಸಿಗಲ್ಲ," ಎಂದು ಅವರು ಮೆಲುದನಿಯಲ್ಲಿ ಹೇಳುವುದು ಪರದೆಯ ಹಿಂದೆ ಬಷೀರುನ್ನೀಸಾಗೆ ಕೇಳಿಸುತ್ತಿತ್ತು. ಮುಖ ನೋಡಿರಲಿಲ್ಲ.

ಅಂಥ ಮೊದಲನೇ ಕ್ಯಾಸೆಟ್ಟನ್ನು ಅವಳು ಪೆಟ್ಟಿಗೆಗೆ ಹಾಕಿದ್ದು ಒಂದು ಬೇಸಿಗೆಯ ಮಧ್ಯಾಹ್ನ. ಅತ್ತೆ ಒಳಗೆ ಮಲಗಿದ್ದಳು. ರಸ್ತೆಯಲ್ಲಿ ಜನವಿರಲಿಲ್ಲ. ಗುಂಡಿ ಒತ್ತಿ ಸೀರೆಯ ಅಂಚಿಗೆ ಫಾಲ್ ಹಚ್ಚತೊಡಗಿದಳು. ಮೊದಲು ಯಾರೋ ಕೆಮ್ಮಿದ್ದು, ಚಾಪೆ ಎಳೆದದ್ದು ಕೇಳಿಸಿತು. ಆಮೇಲೆ ಓಲಗದಂಥ ಒಂದು ದನಿ. ಮದುವೆಯ ಓಲಗದ ಅಬ್ಬರ ಅದರಲ್ಲಿರಲಿಲ್ಲ. ತೆಳ್ಳಗೆ, ಎಳೇ ಮಗುವಿನ ಗಂಟಲಿನಿಂದ ಬಂದ ಹಾಗೆ, ಒಂದೇ ಜಾಗದಲ್ಲಿ ನಿಂತು, ಸ್ವಲ್ಪ ಮೇಲೆ ಹೋಗಿ, ಏನೋ ಮರೆತವರಂತೆ ಹಿಂದಕ್ಕೆ ಬಂದು, ಮತ್ತೆ ಹೊರಡುತ್ತಿತ್ತು. ಬಷೀರುನ್ನೀಸಾ ಯಂತ್ರ ತುಳಿಯುವುದನ್ನು ನಿಲ್ಲಿಸಿದಳು. ಬಾಗಿ ಪೆಟ್ಟಿಗೆಗೆ ಕಿವಿ ಹಚ್ಚಿದಳು.

ಮಗ್ಗಲು ಮುಗಿದು ಗುಂಡಿ ತಾನಾಗಿಯೇ ಮೇಲೆದ್ದರೂ ಅವಳು ಹಾಗೇ ಇದ್ದಳು. ಪರದೆ ಸರಿಸಿ ಜಿಲಾನ್ ಬಾಷಾ ಇಣುಕಿದ.

"ಯಾಕೆ, ಮಿಷಿನ್ ಸದ್ದೇ ಇಲ್ಲ?"

"ಸೂಜಿ ಮುರೀತು," ಎಂದಳು. ಗಂಡನಿಗೆ ಅವಳು ಹೇಳಿದ ಮೊದಲ ಸುಳ್ಳು ಅದೇ ಇರಬೇಕು. ಆಮೇಲೆ ಕೇಳಿದಳು: "ಇದು ಎಂಥ ವಾದ್ಯ?"

"ಸುಂದರಿ ಅಂತೆ. ಸೊಲ್ಲಾಪುರದ ಕಡೆ ನುಡಿಸ್ತಾರಂತೆ. ಶಹನಾಯಿ ಜಾತೀದೇ ಏನೋ."

ಸುಂದರಿ. ಆ ಹೆಸರು ಅವಳಿಗೆ ಹಿಡಿಸಿತು. ಅಷ್ಟು ಹೊತ್ತು ಒಬ್ಬ ಹೆಂಗಸು ಎದುರಿಗೆ ಕೂತು ತನ್ನ ಮನೆಯ ಸುದ್ದಿ ಹೇಳಿಕೊಂಡು ಹೋದಳೇನೋ ಅನ್ನಿಸಿತ್ತು.

ಆಮೇಲೆ ವಿಶ್ವನಾಥ್ ಬಂದು ಹೋದರೆಂದರೆ ಅವಳಿಗೆ ಹಬ್ಬ. ಒಂದು ಸಲ ಸಾರಂಗಿ ಬಂತು, ಒಬ್ಬನೇ ಕೂತು ನುಡಿಸಿದ್ದು. ಇನ್ನೊಂದು ಸಲ ಇಬ್ಬರು ಗಂಡಸರು ಮಾತೇ ಇಲ್ಲದೆ ಬರೀ ಸ್ವರ ಎಳೆಯುತ್ತ ಹಾಡಿದ್ದು. ಮೊದಮೊದಲು ಎಲ್ಲವೂ ಒಂದೇ ಥರ ಕೇಳಿಸಿತು. ಕೇಳುತ್ತ ಕೇಳುತ್ತ ಒಂದು ಇನ್ನೊಂದರಂತಲ್ಲ ಎಂದು ತಿಳಿಯತೊಡಗಿತು. ಯಾವುದರ ಹೆಸರೂ ಗೊತ್ತಿಲ್ಲದ್ದರಿಂದ ತಾನೇ ಹೆಸರಿಟ್ಟುಕೊಂಡಳು. ಸಾರಂಗಿಯದ್ದು ಮೆಟ್ಟಿಲು ಮೆಟ್ಟಿಲಾಗಿ ತಂಪಿಗೆ, ಕತ್ತಲೆಗೆ ಇಳಿಯುತ್ತಿತ್ತು. ಅದು ಬಾವಿ ರಾಗವಾಯಿತು. ಸುಂದರಿಯದ್ದು ಕೆಂಪು ದಾರ, ಅವತ್ತು ಕೈಯಲ್ಲಿದ್ದ ಸೀರೆಯ ಬಣ್ಣದ ದೆಸೆಯಿಂದ.

ಜಲತರಂಗ ಬಂದಾಗ ಮಾತ್ರ ಸಿಕ್ಕಿಬಿದ್ದಳು. ನೀರು ತುಂಬಿದ ಪಿಂಗಾಣಿ ಬಟ್ಟಲುಗಳನ್ನು ಕಡ್ಡಿಯಿಂದ ತಟ್ಟಿ ನುಡಿಸುವುದು ಎಂದು ಗಂಡ ಹೇಳಿದ್ದನ್ನು ನಂಬಲಾಗದೆ, ಅತ್ತೆ ಈದ್‌ಗೆಂದು ಜೋಪಾನವಾಗಿ ಇಟ್ಟಿದ್ದ ಪಿಂಗಾಣಿ ಕಪ್ಪುಗಳನ್ನು ಅಡುಗೆಮನೆಯಲ್ಲಿ ಸಾಲಾಗಿ ಜೋಡಿಸಿದಳು. ಒಂದೊಂದಕ್ಕೆ ಒಂದೊಂದು ಅಳತೆ ನೀರು ಹಾಕಿ ಚಮಚದಿಂದ ತಟ್ಟಿದಳು. ಹೌದು, ಬೇರೆ ಬೇರೆ ದನಿ. ನೀರು ಹೆಚ್ಚಿಸಿದರೆ ದನಿ ತಗ್ಗುತ್ತಿತ್ತು. ತಟ್ಟುತ್ತ ತಿರುಗಿದರೆ ಅತ್ತೆ ಬಾಗಿಲಲ್ಲಿ ನಿಂತಿದ್ದಾಳೆ.

"ಒಡೆದರೆ ನಿಮ್ಮಪ್ಪ ರಾಂಪುರದಿಂದ ತಂದುಕೊಡ್ತಾನಾ?" ಎಂದಳು. ಕಪ್ಪು ತೊಳೆದಿಡುವವರೆಗೂ ಅಲ್ಲಿಂದ ಕದಲಲಿಲ್ಲ.

ಅಂಗಡಿಗೆ ಬಂದ ಪ್ರತಿಯೊಂದು ಕ್ಯಾಸೆಟ್ಟಿನದ್ದೂ ಒಂದು ನಕಲನ್ನು ಜಿಲಾನ್ ಬಾಷಾ ತನಗಾಗಿ ಇಟ್ಟುಕೊಳ್ಳುತ್ತಿದ್ದ, ಮುಂದೆ ಯಾರಾದರೂ ಕೇಳಿದರೆ ಇರಲಿ ಎಂದು. ವಿಶ್ವನಾಥರ ಸಂಗೀತವನ್ನು ಯಾರೂ ಕೇಳುತ್ತಿರಲಿಲ್ಲ. ಕೆಲವು ತಿಂಗಳು ನೋಡಿ ಅವನು ಅವುಗಳ ಮೇಲೆಯೇ ಹೊಸ ಸಿನಿಮಾದ ಹಾಡು ಹಾಕಿಬಿಡುತ್ತಿದ್ದ. ಒಂದು ದಿನ ಬಾವಿ ರಾಗ ಕೇಳೋಣವೆಂದು ಕ್ಯಾಸೆಟ್ ಹಾಕಿದರೆ ಒಳಗಿಂದ ಕುಣಿತದ ಹಾಡು ಬಂತು. ಉಳಿಸಿಡು ಎಂದು ಗಂಡನನ್ನು ಕೇಳಬಹುದಿತ್ತು. ಯಾಕೆ ಎಂದು ಅವನು ಕೇಳಿದರೆ, ನನಗೆ ಬೇಕು ಎನ್ನಬೇಕಾಗುತ್ತಿತ್ತು. ಆ ಮನೆಯಲ್ಲಿ, ಆ ವಯಸ್ಸಿನಲ್ಲಿ, ಅಷ್ಟು ಹೇಳುವ ಬಾಯಿ ಅವಳಿಗಿರಲಿಲ್ಲ.

ಅವಳು ಮಾಡಿದ್ದೇ ಬೇರೆ. ಗಿರಾಕಿಯ ಹಾಡುಗಳೆಲ್ಲ ಮುಗಿದ ಮೇಲೆ ಕ್ಯಾಸೆಟ್ಟಿನ ಕೊನೆಯಲ್ಲಿ ನಾಲ್ಕೈದು ನಿಮಿಷದ ಜಾಗ ಉಳಿಯುತ್ತಿತ್ತು. ಖಾಲಿ ಬಿಟ್ಟರೆ ಗಿರಾಕಿ ಗೊಣಗುತ್ತಾನೆಂದು ಅಲ್ಲಿ ಯಾವುದಾದರೂ ಹಾಡಿನ ತುಂಡು ತುಂಬಿಸುವುದು ರೂಢಿ. ಆ ತುಂಡು ಆರಿಸುವುದು ಅವಳ ಕೆಲಸ. ಅಲ್ಲಿ ಸುಂದರಿಯನ್ನು ತುಂಬಿಸಿದಳು. ಇನ್ನೊಬ್ಬರ ಕ್ಯಾಸೆಟ್ಟಿಗೆ ಆ ಇಬ್ಬರು ಗಂಡಸರ ಸ್ವರ, ಮತ್ತೊಬ್ಬರದ್ದಕ್ಕೆ ಜಲತರಂಗ. ಇಲ್ಲಿ ಅಳಿಸಿಹೋದರೂ ಊರಲ್ಲಿ ಎಲ್ಲಾದರೂ ಇರುತ್ತದಲ್ಲ ಎಂಬುದಷ್ಟೇ ಅವಳ ಲೆಕ್ಕ. ಹೀಗೆ ಮದುವೆ ಮನೆಗಳಿಗೆ, ಟ್ರ್ಯಾಕ್ಟರುಗಳಿಗೆ, ಹೋಟೆಲುಗಳಿಗೆ, ಮೊಳಕಾಲ್ಮೂರಿನ ಮಗ್ಗದ ಮನೆಗಳಿಗೆ ಹೋದ ಸಿನಿಮಾ ಹಾಡುಗಳ ಬಾಲಕ್ಕೆ ಅವಳ ರಾಗಗಳು ಅಂಟಿಕೊಂಡು ಹೋದವು. ಸಂಜೆ ನೀರು ತರುವಾಗ ರಸ್ತೆಯಾಚೆಯ ಯಾವುದೋ ಮನೆಯಿಂದ ಕೆಂಪು ದಾರದ ಎಳೆ ಕೇಳಿ ಬಂದರೆ ಕೊಡ ಇಳಿಸಿ ನಿಲ್ಲುತ್ತಿದ್ದಳು.

ಒಂದು ವರ್ಷ ಹೀಗೇ ನಡೆಯಿತು. ಆಮೇಲೆ ಬಸ್ ಸ್ಟ್ಯಾಂಡಿನ ಹತ್ತಿರ ಹೋಟೆಲು ಇಟ್ಟಿದ್ದ ಮಾರುತೇಶ ಕ್ಯಾಸೆಟ್ ಹಿಡಿದುಕೊಂಡು ಅಂಗಡಿಗೆ ಬಂದ.

"ಏನ್ಲೇ ಬಾಷಾ ಇದು? ಹಾಡೆಲ್ಲ ಚೆನ್ನಾಗೈತೆ. ಕೊನೀಗೆ ಯಾರೋ ಇಬ್ರು ಗಂಟ್ಲು ಸರಿ ಮಾಡ್ಕೊಂತಾ ಕುಂತವ್ರೆ. ನಮ್ ಗಿರಾಕಿಗಳು ದೋಸೆ ಬಿಟ್ಟು ಏನಾತು ಅಂತ ತಿರುಗಿ ನೋಡ್ತಾರೆ."

ಜಿಲಾನ್ ಬಾಷಾ ಹಾಕಿ ಕೇಳಿದ. ಅವನಿಗೆ ತಿಳಿಯಲು ಹೊತ್ತು ಹಿಡಿಯಲಿಲ್ಲ. ಮಾರುತೇಶನಿಗೆ ಬೇರೆ ಹಾಡು ತುಂಬಿಸಿ ಕಳಿಸಿ ಪರದೆ ಸರಿಸಿ ಒಳಗೆ ಬಂದ. ಅವನು ಕೂಗಾಡುವ ಮನುಷ್ಯನಲ್ಲ. ಸ್ಟೂಲು ಎಳೆದುಕೊಂಡು ಎದುರಿಗೆ ಕೂತ.

"ಎಷ್ಟು ಜನರದ್ದಕ್ಕೆ ಹಾಕಿದ್ದೀಯ?"

"ಗೊತ್ತಿಲ್ಲ. ತುಂಬಾ ಜನರದ್ದಕ್ಕೆ."

"ಅದು ವಿಶ್ವನಾಥ್ ಅವರದ್ದು. ಜೋಪಾನ ಅಂತ ನಂಬಿ ಕೊಟ್ಟಿದ್ದು. ಊರಿಗೆಲ್ಲ ಹಂಚಿದ್ದೀಯ ಅಂತ ತಿಳಿದರೆ ನನ್ನ ಮುಖ ಎಲ್ಲಿಡಲಿ?"

ಇನ್ನು ಮೇಲೆ ಬೇಡ ಎಂದು ಅವನು ಎದ್ದುಹೋದ. ಅಂದಿನಿಂದ ಕೊನೆಯ ಜಾಗಕ್ಕೆ ಸಿನಿಮಾ ಹಾಡಿನ ತುಂಡುಗಳೇ ಹೋದವು. ಅವಳು ಮೊದಲಿನಂತೆ ಕೆಲಸ ಮಾಡಿಕೊಂಡಿದ್ದಳು. ಆದರೆ ಊಟಕ್ಕೆ ಕೂತಾಗ ಗಂಡನೊಡನೆ ಮಾತು ಕಡಿಮೆಯಾಯಿತು. ಅವನಿಗೂ ಅದು ಕಾಣುತ್ತಿತ್ತು, ಹೇಗೆ ಸರಿ ಮಾಡುವುದೆಂದು ತೋಚುತ್ತಿರಲಿಲ್ಲ.

ಸ್ವಲ್ಪ ಕಾಲ ಕಳೆದು ಒಂದು ಸಂತೆಯ ದಿನ ನನ್ನಿವಾಳದಿಂದ ನಾಗಕ್ಕ ಎಂಬ ಹೆಂಗಸು ಅಂಗಡಿ ಹುಡುಕಿಕೊಂಡು ಬಂದಳು. ಗಂಡನ ಮನೆಯವರೆಲ್ಲ ಕಂಬಳಿ ನೇಯುವವರು, ಅವಳು ಉಣ್ಣೆ ನೂಲುವವಳು. ಸಂತೆಯಲ್ಲಿ ಕಂಬಳಿ ಮಾರಿ ಬಂದಿದ್ದಳು. ಸೆರಗಿನ ಗಂಟಿನಿಂದ ಕ್ಯಾಸೆಟ್ ಬಿಚ್ಚಿ ಕಟ್ಟೆಯ ಮೇಲಿಟ್ಟಳು.

"ಅಣ್ಣಾ, ಇದರಾಗೆ ಕೊನೀಗೆ ಒಂದೈತಲ್ಲ, ಅದು ಅರ್ಧಕ್ಕೇ ನಿಂತೋಗ್ತೈತೆ. ನಂಗೆ ಪೂರ್ತಿ ಬೇಕು."

ಜಿಲಾನ್ ಬಾಷಾ ಇನ್ನೊಂದು ದೂರು ಎಂದುಕೊಂಡ. "ಅದು ತಪ್ಪಿ ಬಂದೈತೆ ಕಣಮ್ಮ. ತೆಗೆದು ಬೇರೆ ಹಾಡು ಹಾಕ್ಕೊಡ್ತೀನಿ."

"ಬ್ಯಾರೇದು ಯಾಕೆ? ನಂಗೆ ಅದೇ ಬೇಕು. ನೂಲೋ ಹೊತ್ನಾಗೆ ಹಾಕ್ಕಂತೀವಿ. ನಮ್ಮೋಣಿ ಹೆಂಗಸ್ರೆಲ್ಲ ಬರ್ತಾರೆ. ಅದು ಮುಂದಕ್ಕೆ ಹೆಂಗೆ ಹೋಗ್ತೈತೋ ಅಂತ ದಿನಾ ಅನ್ಕಂತೀವಿ."

"ಯಾವ ಹಾಡು ಅಂತ ಹೆಂಗೆ ಹುಡುಕ್ಲಮ್ಮ? ಅದಕ್ಕೆ ಮಾತೇ ಇಲ್ಲ."

"ಮಾತಿಲ್ಲದಿದ್ರೇನು," ಎಂದ ನಾಗಕ್ಕ ಅಲ್ಲೇ ನಿಂತು ಗುನುಗಿದಳು. ಬಿಸಿಲಿಗೆ ಒಣಗಿದ ಒರಟು ಗಂಟಲು. ಆದರೂ ಸುಂದರಿ ನಿಂತಲ್ಲಿ ನಿಂತಳು, ಹಿಂದೆ ಬಂದಲ್ಲಿ ಬಂದಳು, ಮತ್ತೆ ಹೊರಟು ಕ್ಯಾಸೆಟ್ಟು ಮುಗಿಯುವ ಜಾಗದಲ್ಲಿ ಕಡಿದಂತೆ ನಿಲ್ಲಿಸಿದಳು.

ಪರದೆಯ ಹಿಂದೆ ಬಷೀರುನ್ನೀಸಾ ಹೊಲಿಗೆ ನಿಲ್ಲಿಸಿದಳು. ರಾಗ ಅಲ್ಲಿಗೇ ನಿಂತುಹೋಗುವುದನ್ನು ಅವಳಿಂದ ಸಹಿಸಲಾಗಲಿಲ್ಲ. ತನಗೆ ತಿಳಿಯುವ ಮೊದಲೇ ಅದರ ಮುಂದಿನ ಎಳೆ ಅವಳ ಬಾಯಿಂದ ಬಂತು, ಸಣ್ಣ ದನಿಯಲ್ಲಿ. ಜಿಲಾನ್ ಬಾಷಾ ಗಕ್ಕನೆ ತಿರುಗಿದ. ಮದುವೆಯಾಗಿ ಅಷ್ಟು ದಿನವಾದರೂ ಹೆಂಡತಿ ಗುನುಗಿದ್ದನ್ನು ಅವನು ಕೇಳಿರಲಿಲ್ಲ. ನಾಗಕ್ಕ ಪರದೆಯ ಕಡೆ ನೋಡಿ, "ಹಾ, ಅದೇ. ಮುಂದಕ್ಕೇಳು ಬೂಬಮ್ಮ," ಎಂದಳು.

ಬಷೀರುನ್ನೀಸಾ ತಲೆಯ ಮೇಲೆ ಸೆರಗು ಎಳೆದುಕೊಂಡು ಪರದೆಯಿಂದಾಚೆ ಬಂದಳು. ಅಂಗಡಿಯ ಕೋಣೆಗೆ ಗಿರಾಕಿ ಇದ್ದಾಗ ಅವಳು ಬಂದದ್ದು ಅದೇ ಮೊದಲು.

"ಪೂರ್ತಿದು ನಮ್ಮತ್ರ ಇಲ್ಲಕ್ಕ. ಅಳಿಸಿ ಹೋತು," ಎಂದಳು. ಹೇಳಿ ಗಂಡನ ಕಡೆ ನೋಡಿದಳು.

ಅವನು ಸ್ವಲ್ಪ ಹೊತ್ತು ಕ್ಯಾಸೆಟ್ಟನ್ನು ತಿರುವಿ ತಿರುವಿ ನೋಡಿದ. "ಮುಂದಿನ ಸಂತೇಗೆ ಬಾರಮ್ಮ. ಇರೋರ ಹತ್ರ ಕೇಳಿ ತರ್ತೀನಿ," ಎಂದ.

ನಾಗಕ್ಕ ಹೋದ ಮೇಲೆ ಅತ್ತೆ ಒಳಗಿಂದ ಬಂದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಈಗ ಬೈಗುಳ ಬರುತ್ತದೆಂದು ಬಷೀರುನ್ನೀಸಾ ಕಾದಳು.

"ಅಷ್ಟು ದೂರದಿಂದ ಬಂದ ಹೆಂಗಸು. ಒಂದು ಲೋಟ ಚಹಾ ಕೊಡಬಾರದಿತ್ತಾ?" ಎಂದಳು ಅತ್ತೆ.

ಮರುದಿನ ಜಿಲಾನ್ ಬಾಷಾ ಎಣ್ಣೆಗಿರಣಿಗೆ ಹೋದ. ನಡೆದದ್ದನ್ನು ಬಚ್ಚಿಡದೆ ಹೇಳಿ ತಪ್ಪಾಯಿತು ಎಂದ. ಆಮೇಲೆ ಅವನು ಹೆಂಡತಿಗೆ ಹೇಳಿದ ಪ್ರಕಾರ, ವಿಶ್ವನಾಥ್ ಗಾಣದ ಸದ್ದಿನಲ್ಲಿ ಸರಿಯಾಗಿ ಕೇಳಿಸಲಿಲ್ಲವೆಂದು ಅವನನ್ನು ಹೊರಗೆ ಕರೆದುಕೊಂಡು ಬಂದು, ಇನ್ನೊಂದು ಸಲ ಹೇಳು ಎಂದರು. ಎರಡನೇ ಸಲ ಕೇಳಿ ಶೇಂಗಾ ಚೀಲದ ಮೇಲೆ ಕೂತರು.

"ನನ್ನಿವಾಳದಾಗೆ ಕೇಳ್ತಾರಾ ಇದನ್ನ?"

"ಹೌದಂತ್ರೀ. ನೂಲೋ ಹೆಂಗಸ್ರು."

"ನಮ್ಮನೇಲಿ ನಾನು ಹಾಕಿದ್ರೆ ಅಪ್ಪಾಜಿ ಬಾಗ್ಲು ಹಾಕ್ಕೊಳೋಕೆ ಹೇಳ್ತಾರೆ. ಈ ಊರಾಗೆ ಇಂಥದ್ದು ಕೇಳೋನು ನಾನೊಬ್ನೇ ಅಂತ ತಿಳ್ಕೊಂಡಿದ್ದೆ ಕಣೋ ಬಾಷಣ್ಣ," ಎಂದರಂತೆ ವಿಶ್ವನಾಥ್. ಅವತ್ತು ಸಂಜೆಯೇ ಸುಂದರಿಯ ಕ್ಯಾಸೆಟ್ ಹಿಡಿದು ಅಂಗಡಿಗೆ ಬಂದರು. ಪರದೆಯ ಈಚೆ ನಿಂತು, "ತಾಯಿ, ಇದರದ್ದು ಎರಡು ಮಾಡ್ಕೊಳಿ. ಒಂದು ಆಯಮ್ಮನಿಗೆ, ಒಂದು ನಿಮಗೆ," ಎಂದರು. ಬಷೀರುನ್ನೀಸಾ ಒಳಗಿಂದಲೇ, "ಆಯ್ತು ಸರ್," ಎಂದಳು.

ಅಲ್ಲಿಂದ ಮುಂದೆ ಹತ್ತು ಹನ್ನೆರಡು ವರ್ಷ ಅವಳ ಬದುಕಿನ ಒಳ್ಳೆಯ ಕಾಲ. ಮುಷರಫ್ ಹುಟ್ಟಿದ, ತೊಟ್ಟಿಲಲ್ಲಿದ್ದಾಗ ಅವನಿಗೆ ಸಾರಂಗಿ ಹಾಕಿದರೆ ನಿದ್ದೆ ಬರುತ್ತಿತ್ತು. ವಿಶ್ವನಾಥ್ ಹೊಸ ಕ್ಯಾಸೆಟ್ ತಂದರೆ ಮೊದಲು, "ಮನೇರು ಕೇಳ್ಲಿ, ಆಮೇಲೆ ಹೇಳಿ ಕಳಿಸ್ಲಿ," ಎನ್ನುತ್ತಿದ್ದರು. ಜಿಲಾನ್ ಬಾಷಾ ಇಬ್ಬರ ನಡುವೆ ಮಾತು ಹೊತ್ತು ತಿರುಗಿದ. ಒಬ್ಬ ಗಾಯಕನ ಬಗ್ಗೆ ಹೆಂಡತಿ ಹೇಳಿದ್ದನ್ನು, "ಬಸ್ಸು ತಪ್ಪಿಹೋಗ್ತದೆ ಅನ್ನೋ ಹಂಗೆ ಹಾಡ್ತಾನಂತೆ," ಎಂದು ಹೋಗಿ ಹೇಳಿದರೆ ಅವರು ನಕ್ಕರಂತೆ. ಬಾವಿ ರಾಗದ ತಮ್ಮ ಕ್ಯಾಸೆಟ್ಟನ್ನೂ ಮನೆಯಿಂದ ಹುಡುಕಿ ತಂದರು. ಅದು ಪೂರಿಯಾ, ದೀಪ ಹಚ್ಚುವ ಹೊತ್ತಿನದ್ದು ಎಂದರು. ಕೆಂಪು ದಾರ ಭೀಮಪಲಾಸಿ, ಮಧ್ಯಾಹ್ನದ್ದು ಎಂದರು. ಮಧ್ಯಾಹ್ನವೇ ತಾನೇ ಮೊದಲ ಸಲ ಕೇಳಿದ್ದು ಎಂದು ಬಷೀರುನ್ನೀಸಾ ಒಳಗೊಳಗೇ ಹಿಗ್ಗಿದಳು. ಬರಬರುತ್ತ ಜಿಲಾನ್ ಬಾಷಾಗೆ ಓಡಾಡಿ ಸಾಕಾಗಿ, ನೀವೇ ಮಾತಾಡಿಕೊಳ್ಳಿ ಎಂದು ಪರದೆಯನ್ನು ಅರ್ಧ ಸರಿಸಿ ಕಟ್ಟಿಬಿಟ್ಟ.

ನಾಗಕ್ಕ ಸಂತೆಗೆ ಬಂದಾಗಲೆಲ್ಲ ನಡುಮನೆಗೇ ಬರುತ್ತಿದ್ದಳು. ಅತ್ತೆಯೇ ಚಹಾ ಇಡುತ್ತಿದ್ದಳು. ಕೊನೆಗಾಲದಲ್ಲಿ ಹಾಸಿಗೆ ಹಿಡಿದ ಅತ್ತೆ ಒಂದು ಮಧ್ಯಾಹ್ನ ಸೊಸೆಯನ್ನು ಕರೆದು, "ಆ ಕಪ್ಪು ಬಡಿಯೋದು ಐತಲ್ಲ, ಅದು ಹಾಕು," ಎಂದಳು. ಯಾಕೆಂದು ಬಷೀರುನ್ನೀಸಾ ಕೇಳಲಿಲ್ಲ. ಜಲತರಂಗ ಹಾಕಿ, ಸದ್ದು ಹೆಚ್ಚಿಸಿ, ಕಾಲು ಒತ್ತುತ್ತ ಕೂತಳು.

ಕಾಲ ಬದಲಾಯಿತು. ಕ್ಯಾಸೆಟ್ ಹೋಗಿ ಸೀಡಿ ಬಂತು, ಸೀಡಿಯೂ ಹೋಗಿ ಮೊಬೈಲ್ ಬಂತು. ಅಂಗಡಿ ಮುಷರಫನ ಕೈಗೆ ಬಂದು, ಕ್ಯಾಸೆಟ್ ಇದ್ದ ಗೂಡುಗಳಲ್ಲಿ ಮೊಬೈಲ್ ಕವರುಗಳು ತೂಗಾಡಿದವು. ಕಣ್ಣು ಮುಚ್ಚಿ ತೆಗೆಯುವುದರೊಳಗೆ ಅವನು ಉಗುರಿನಷ್ಟಗಲದ ಒಂದು ಮೆಮೊರಿ ಚಿಪ್ಪಿಗೆ ಸಾವಿರ ಹಾಡು ತುಂಬಿಸುತ್ತಿದ್ದ. ಪಕ್ಕದಲ್ಲಿ ಕೂತು ಕೇಳಲು ಯಾರೂ ಬೇಕಿರಲಿಲ್ಲ. ಟೇಪ್ ರೆಕಾರ್ಡರು ಕೆಟ್ಟು ಅಟ್ಟ ಸೇರಿತು. ಊರಿನ ಎಣ್ಣೆಗಿರಣಿಗಳು ಒಂದೊಂದಾಗಿ ಮುಚ್ಚಿದವು, ಚಿಕ್ಕಬಸಪ್ಪನವರದ್ದೂ ಮುಚ್ಚಿತು. ವಿಶ್ವನಾಥ್ ಅಂಗಡಿಯ ಕಡೆ ಬರುವುದು ನಿಂತುಹೋಯಿತು. ಕೊರೊನಾದ ಎರಡನೇ ವರ್ಷ ಅವರು ತೀರಿಕೊಂಡ ಸುದ್ದಿ ಬಷೀರುನ್ನೀಸಾಗೆ ತಿಳಿದದ್ದು ವಾರಗಳು ಕಳೆದ ಮೇಲೆ. ಆಗ ಯಾರ ಮನೆಗೆ ಯಾರೂ ಹೋಗುವಂತಿರಲಿಲ್ಲ.

ಕೇಳಬೇಕು ಅನ್ನಿಸುತ್ತಿತ್ತು. ಒಮ್ಮೆ ಮಗನಿಗೆ, "ನಿನ್ನ ಫೋನಿನಲ್ಲಿ ಬಾವಿ ರಾಗ ಸಿಗುತ್ತೇನೋ ನೋಡು," ಎಂದಳು. ಮುಷರಫ್ ಹುಡುಕಿದ. ಕೊಳವೆಬಾವಿ ಕೊರೆಯುವ ಲಾರಿ, ನೀರು ಚಿಮ್ಮಿದ ಹೊಲ, ಬಾವಿಗೆ ಬಿದ್ದ ಎಮ್ಮೆಯನ್ನು ಮೇಲೆತ್ತುವ ದೃಶ್ಯ ಬಂದವು. ತಾಯಿ ಮಗ ಇಬ್ಬರೂ ನಕ್ಕರು. ವಿಶ್ವನಾಥ್ ಹೇಳಿಕೊಟ್ಟಿದ್ದ ಹೆಸರುಗಳು ಅಷ್ಟು ಹೊತ್ತಿಗೆ ಮರೆತುಹೋಗಿದ್ದವು. ಮುಷರಫ್ ಹೋದ ಮೇಲೆ ಅವಳಿಗೆ ನಗು ಉಳಿಯಲಿಲ್ಲ.

ಹೋದ ವರ್ಷ ಒಂದು ಸಂಜೆ ನಲವತ್ತರ ಆಸುಪಾಸಿನ ಹೆಂಗಸೊಬ್ಬಳು ಅಂಗಡಿಗೆ ಬಂದು, "ಬಷೀರಮ್ಮ ಅನ್ನೋರು ಇದಾರಾ?" ಎಂದಳು. ಕೈಯಲ್ಲಿ ಭಾರದ ಚೀಲ. ಇಲ್ಲಿನ ಕಾಲೇಜಿನಲ್ಲಿ ಪಾಠ ಹೇಳುವ ಶಿವರಂಜನಿ ಅವಳು, ವಿಶ್ವನಾಥರ ಮಗಳು. ಮಗಳಿಗೆ ಒಂದು ರಾಗದ ಹೆಸರನ್ನೇ ಇಟ್ಟಿದ್ದರು. ಚೀಲದ ತುಂಬ ಅವರ ಕ್ಯಾಸೆಟ್ಟುಗಳು.

"ಮನೆ ಖಾಲಿ ಮಾಡ್ತಾ ಇದೀವಿ ಅಮ್ಮ. ಇವನ್ನ ಯಾರಿಗೆ ಕೊಡೋದು ಅಂತ ಯೋಚನೆ ಮಾಡಿದ್ರೆ ಅಪ್ಪಾಜಿ ಹೇಳ್ತಿದ್ದ ನಿಮ್ಮ ಹೆಸರೇ ನೆನಪಿಗೆ ಬಂತು." ಕೂತು ನೀರು ಕುಡಿದು ಅವಳು ಕೇಳಿದಳು: "ಬಾವಿ ರಾಗ ಅಂದ್ರೆ ಯಾವ್ದು? ಅಪ್ಪಾಜಿ ಸಂಜೆ ಹೊತ್ತು ಬಾವಿ ರಾಗ ಹಾಕು ಅಂತಿದ್ರು. ಅದು ನಿಜವಾದ ಹೆಸರು ಅಂತಾನೇ ನಾನು ತಿಳ್ಕೊಂಡಿದ್ದೆ. ಕಾಲೇಜಲ್ಲಿ ಸಂಗೀತದ ಮೇಷ್ಟ್ರಿಗೆ ಹೇಳಿದ್ರೆ ಅಂಥ ರಾಗಾನೇ ಇಲ್ಲ ಅಂದ್ರು."

ಬಷೀರುನ್ನೀಸಾ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅಷ್ಟು ದೊಡ್ಡ ಮನುಷ್ಯರು ತಮ್ಮ ಮನೆಯಲ್ಲಿ ಅವಳಿಟ್ಟ ಹೆಸರಿನಿಂದಲೇ ಕರೆಯುತ್ತಿದ್ದರೆಂದು ಅವಳಿಗೆ ಗೊತ್ತಿರಲಿಲ್ಲ.

ಜಿಲಾನ್ ಬಾಷಾ ಮಗನಿಗೆ ಹೇಳಿ ಅಟ್ಟದಿಂದ ಟೇಪ್ ರೆಕಾರ್ಡರನ್ನು ಇಳಿಸಿಕೊಂಡ. ಅವನಿಗೆ ಈಗ ಕಿವಿ ಮಂದ, ಕೈ ಸ್ವಲ್ಪ ನಡುಗುತ್ತದೆ. ಆದರೂ ಬಿಚ್ಚಿ, ಒಣಗಿ ಸೀಳಿಹೋಗಿದ್ದ ರಬ್ಬರ್ ಬೆಲ್ಟುಗಳನ್ನು ತೆಗೆದು, ಬಳ್ಳಾರಿಯಿಂದ ಬೇರೆ ತರಿಸಿ ಕೂರಿಸಿದ. ಕೆಲವು ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿದಿತ್ತು. ಓಡಿದವುಗಳನ್ನು ಶಿವರಂಜನಿ ಫೋನಿಗೆ ಇಳಿಸಿಕೊಂಡಳು. ಅದಕ್ಕಾಗಿ ಅವಳು ವಾರಕ್ಕೆರಡು ಸಂಜೆ ಬರತೊಡಗಿದಳು. ಮುಷರಫನ ಹೆಂಡತಿ ಸಬೀನಾ ಚಹಾ ತಂದಿಟ್ಟು ತಾನೂ ಕೂರುತ್ತಿದ್ದಳು. ಸುಂದರಿಯ ಕ್ಯಾಸೆಟ್ಟಿನ ಮೊದಲಲ್ಲಿ ಯಾರೋ ಕೆಮ್ಮಿದ್ದು, ಚಾಪೆ ಎಳೆದದ್ದು ಹಾಗೇ ಇತ್ತು. ಕೆಮ್ಮಿದವರು ಈಗ ಎಲ್ಲಿದ್ದಾರೋ ಎಂದುಕೊಂಡಳು ಬಷೀರುನ್ನೀಸಾ.

ಸುಂದರಿ ಮುಗಿದಾಗ ಶಿವರಂಜನಿ ಫೋನನ್ನು ಅವಳ ಮುಂದೆ ಹಿಡಿದಳು. "ನೋಡಿ ಅಮ್ಮ, ಇದೇ ಸುಂದರಿ." ಯಾರೋ ಒಬ್ಬರು ಕೂತು ನುಡಿಸುತ್ತಿದ್ದರು. ಬಷೀರುನ್ನೀಸಾ ಕನ್ನಡಕ ಹಾಕಿಕೊಂಡು ನೋಡಿದಳು. ವಾದ್ಯ ಒಂದು ಗೇಣಿಗಿಂತ ತುಸು ಉದ್ದವಿತ್ತು. ನುಡಿಸುವವರ ಎರಡು ಕೈಯೊಳಗೆ ಮುಕ್ಕಾಲು ಪಾಲು ಮುಚ್ಚಿಹೋಗಿತ್ತು.

"ಇಷ್ಟೇನಾ?" ಎಂದಳು. ಇಷ್ಟು ವರ್ಷ ಅದು ಆಳುದ್ದದ ಕೊಳಲಿರಬೇಕು ಎಂದುಕೊಂಡಿದ್ದಳು. ಗಂಡನನ್ನು ಕರೆದು ತೋರಿಸಿದಳು. ಅವನೂ ನೋಡಿ ತನ್ನ ಗೇಣಿನಿಂದ ಗಾಳಿಯಲ್ಲಿ ಅಳೆದ.

ಈಗ ನಾಗಕ್ಕನೂ ತಿಂಗಳಿಗೊಮ್ಮೆ ಬರುತ್ತಾಳೆ. ಮೊಮ್ಮಗ ಬೈಕಿನಲ್ಲಿ ತಂದು ಇಳಿಸಿ ಹೋಗುತ್ತಾನೆ. ನೂಲುವುದು ಬಿಟ್ಟು ಬಹಳ ವರ್ಷವಾಯಿತು, ಮಂಡಿ ಬಗ್ಗುವುದಿಲ್ಲವಾದ್ದರಿಂದ ಕುರ್ಚಿಯಲ್ಲೇ ಕೂರುತ್ತಾಳೆ. ಮೊನ್ನೆ ಮೂವರೂ ಸೇರಿದ್ದಾಗ ಶಿವರಂಜನಿ, "ಯಾವ್ದು ಹಾಕ್ಲಿ?" ಎಂದು ಕೇಳಿದಳು.

"ನಮ್ಮ ಹಳೇದು ಹಾಕವ್ವ," ಎಂದಳು ನಾಗಕ್ಕ.

"ಅದು ಇದ್ದೇ ಇರ್ತದಲ್ಲಕ್ಕ," ಎಂದ ಬಷೀರುನ್ನೀಸಾ ಶಿವರಂಜನಿಯ ಕಡೆ ತಿರುಗಿದಳು. "ನಾವು ಕೇಳದೇ ಇರೋದು ಯಾವ್ದಾದ್ರೂ ಐತಾ?"

ಶಿವರಂಜನಿ ಹುಡುಕಿ, ರುದ್ರವೀಣೆ ಎಂದು ಹೇಳಿ ಹಾಕಿದಳು. ತಂತಿಯೊಂದನ್ನು ಯಾರೋ ಮೀಟಿ ಬಿಟ್ಟರು. ಅದು ಅಡಗುವವರೆಗೂ ಬೇರೇನೂ ಬರಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಇನ್ನೊಮ್ಮೆ ಮೀಟಿದರು, ಮೊದಲಿನದಕ್ಕಿಂತ ಕೆಳಗೆ.

"ಇನ್ನಾ ಶುರು ಆಗಿಲ್ವಾ?" ಎಂದಳು ನಾಗಕ್ಕ.

"ಶುರು ಆಗಿದೆ ಅಜ್ಜಿ. ಇದು ಹಿಂಗೇ, ನಿಧಾನ."

"ಹೌದಾ," ಎಂದು ನಾಗಕ್ಕ ಕುರ್ಚಿಯಲ್ಲಿ ಸರಿಯಾಗಿ ಕೂತಳು. ಬಷೀರುನ್ನೀಸಾ ಆಗಲೇ ಫೋನಿನ ಕಡೆಗೆ ಬಾಗಿದ್ದಳು.